ಮನೆಯಲ್ಲೇ ಹಾಡು ಮಾಡುವವರು ಮೊದಮೊದಲು ಎಡವುವುದೆಲ್ಲಿ?

"ನನ್ನ ಹಾಡು ಬೇರೆಯವರ ಹಾಡಿನ ತರ ಕೇಳಿಸುತ್ತಿಲ್ಲ. ಯಾವ ಪ್ಲಗಿನ್ ಹಾಕಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಜೊತೆಗೊಂದು ಫೈಲು. ತೆರೆದು ಕೇಳಿದರೆ ಬಹುತೇಕ ಸಲ ಒಂದೇ ಕಥೆ. ಹಿಂದೆ ಫ್ಯಾನ್ ತಿರುಗುತ್ತಿದೆ. ಕೋಣೆ ಗುಂಯ್ ಅನ್ನುತ್ತಿದೆ. ತಬಲಾ ಒಂದು ಶ್ರುತಿಯಲ್ಲಿದೆ, ಹಾಡುವವರ ದನಿ ಇನ್ನೊಂದರಲ್ಲಿದೆ. ಇದಕ್ಕೆ ಪ್ಲಗಿನ್ ಇಲ್ಲ. ಪ್ಲಗಿನ್ ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಹಾಕಿಕೊಳ್ಳುವ ಸಣ್ಣ ಉಪಕರಣ, ಅಷ್ಟೆ. ಅಕ್ಕಿಯಲ್ಲಿ ಕಲ್ಲು ಆರಿಸದೆ ಅನ್ನ ಮಾಡಿ, ಆಮೇಲೆ ಒಗ್ಗರಣೆ ಹಾಕಿದರೆ ಕಲ್ಲು ಕರಗುತ್ತದಾ?

ಹಾಗಾಗಿ ಈ ಲೇಖನದಲ್ಲಿ ಕಲ್ಲು ಆರಿಸುವ ಕೆಲಸವೇ ಜಾಸ್ತಿ. ಮಿಕ್ಸಿಂಗ್, ಅಂದರೆ ದನಿ, ವಾದ್ಯ ಎಲ್ಲವನ್ನೂ ಹದವಾಗಿ ಬೆರೆಸುವ ಕೆಲಸ, ಅದರ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ: ಭಾವಗೀತೆಯ ಧಾಟಿಯ ಒಂದು ಹಾಡು. ಒಂದು ದನಿ, ತಂಬೂರಿ, ಕೀಬೋರ್ಡ್, ತಬಲಾ, ನಡುವೆ ಕೊಳಲು. ನೀವು ರ‍್ಯಾಪ್ ಮಾಡುವವರಾದರೂ ಹೆಚ್ಚಿನ ಮಾತು ನಿಮಗೂ ಹೊಂದುತ್ತದೆ.

ಏನೇನು ಬೇಕು?

ಈಗಾಗಲೇ ಇರುವ ಲ್ಯಾಪ್‌ಟಾಪ್. ಎರಡು ಚಾನೆಲ್‌ನ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕಿನ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಸಣ್ಣ ಪೆಟ್ಟಿಗೆ. ಒಂದು ಮೈಕು, ಸ್ಟ್ಯಾಂಡು, ಪಾಪ್ ಫಿಲ್ಟರ್, ಅಂದರೆ ಬಾಯಿಯ ಗಾಳಿ ಮೈಕಿಗೆ ಬಡಿಯದಂತೆ ತಡೆಯುವ ಜಾಲರಿ. ಕಿವಿಯನ್ನು ಪೂರ್ತಿ ಮುಚ್ಚುವ, ವೈರ್ ಇರುವ ಹೆಡ್‌ಫೋನ್. ಇಷ್ಟೇ.

ಸಾಫ್ಟ್‌ವೇರಿಗೆ ಈ ಕಸುಬಿನಲ್ಲಿ 'ಡಾ' ಅನ್ನುತ್ತಾರೆ. ಡಾಕ್ಟರ್ ಅಲ್ಲ, ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್. ಆಪಲ್ ಕಂಪ್ಯೂಟರ್ ಇದ್ದವರಿಗೆ ಗರಾಜ್‌ಬ್ಯಾಂಡ್ ಉಚಿತ. ವಿಂಡೋಸ್‌ನವರು ರೀಪರ್ ಅನ್ನು 60 ದಿನ ದುಡ್ಡು ಕೊಡದೆ ಪೂರ್ತಿ ಬಳಸಿ ನೋಡಬಹುದು. ಎಫ್‌ಎಲ್ ಸ್ಟುಡಿಯೊ, ಏಬಲ್ಟನ್ ಲೈವ್, ಕ್ಯೂಬೇಸ್ ಎಲ್ಲವೂ ಒಳ್ಳೆಯವೇ. ಯಾವುದಾದರೂ ಒಂದನ್ನು ಹಿಡಿದು ಆರು ತಿಂಗಳು ಬಿಡಬೇಡಿ. ವಾರಕ್ಕೊಂದು ಸಾಫ್ಟ್‌ವೇರ್ ಬದಲಿಸುವವರು ಒಂದು ಹಾಡನ್ನೂ ಮುಗಿಸಿದ್ದು ನಾನು ನೋಡಿಲ್ಲ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಮಾತ್ರ ಬೇಡ. ಅದರ ಜೊತೆ ವೈರಸ್ ಬರಬಹುದು, ಹಾಡು ಅರ್ಧಕ್ಕೆ ಬಂದಾಗ ಫೈಲು ತೆರೆಯದೆ ಕೂರಬಹುದು.

ಈಗ ಒಂದೊಂದೇ ಹಂತ.

1. ಹಾಡು ಯಾರದ್ದು?

ಎಲ್ಲರೂ ಇದನ್ನು ಕೊನೆಗೆ ನೋಡುತ್ತಾರೆ. ಮೊದಲು ನೋಡಬೇಕಾದ್ದೇ ಇದು.

ನಮ್ಮಲ್ಲಿ ಹೊಸಬರು ಇಷ್ಟದ ಕವಿತೆಗೆ ರಾಗ ಹಾಕುವುದರಿಂದಲೇ ಶುರು ಮಾಡುತ್ತಾರೆ. ಬಹಳ ಒಳ್ಳೆಯ ಶುರು. ಆದರೆ ಭಾರತದಲ್ಲಿ ಕವಿತೆಯ ಹಕ್ಕು ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಹಕ್ಕು ಉಂಟು. ಕುವೆಂಪು 1994, ಹಾಗಾಗಿ 2054ರವರೆಗೆ. ಡಿವಿಜಿ 1975, ಹಾಗಾಗಿ 2035ರವರೆಗೆ. ಇವರ ಪದ್ಯ ಹಾಡಿ ಹೊರಗೆ ಬಿಡಬೇಕೆಂದರೆ ಹಕ್ಕು ಇರುವವರಿಂದ ಬರೆದುಕೊಟ್ಟ ಅನುಮತಿ ಬೇಕು. ಅದೇ ಪಂಜೆ ಮಂಗೇಶರಾಯರು 1937ರಲ್ಲಿ, ಗೋವಿಂದ ಪೈ 1963ರಲ್ಲಿ ತೀರಿಕೊಂಡರು. ಅವರ ಪದ್ಯಗಳ ಅವಧಿ ಮುಗಿದಿದೆ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದಗಳಿಗಂತೂ ಯಾರನ್ನೂ ಕೇಳಬೇಕಿಲ್ಲ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುವುದು ಇದರಲ್ಲೇ. ಸಾಹಿತ್ಯ ಬೇರೆ, ರಾಗ ಸಂಯೋಜನೆ ಬೇರೆ, ರೆಕಾರ್ಡಿಂಗ್ ಬೇರೆ. ಮೂರಕ್ಕೂ ಬೇರೆ ಬೇರೆ ಹಕ್ಕು. ಶರೀಫರ ಪದ ಯಾರ ಸ್ವತ್ತೂ ಅಲ್ಲ, ನಿಜ. ಆದರೆ ನಿಮ್ಮ ಕಿವಿಯಲ್ಲಿ ಕೂತಿರುವ ಧಾಟಿಯನ್ನು ಕಳೆದ ಐವತ್ತು ವರ್ಷದಲ್ಲಿ ಯಾರಾದರೂ ಕಟ್ಟಿದ್ದರೆ, ಆ ಧಾಟಿ ಅವರದ್ದು. ಪದ ತಗೊಳ್ಳಿ, ರಾಗ ನೀವೇ ಹಾಕಿ. ಹೇಗೂ ಕಲಿಯಲು ಬಂದಿದ್ದೀರಿ ಅಲ್ವಾ?

2. ಶ್ರುತಿ, ಲಯ ಮೊದಲು ಗಟ್ಟಿ ಮಾಡಿ

ಡಾ ತೆರೆದ ಕೂಡಲೇ ಅದು ತನ್ನಷ್ಟಕ್ಕೇ ಒಂದು ವೇಗ ಹಾಕಿಕೊಂಡಿರುತ್ತದೆ. ಎಷ್ಟೋ ಸಾಫ್ಟ್‌ವೇರಿನಲ್ಲಿ 120 ಬಿಪಿಎಂ, ಅಂದರೆ ನಿಮಿಷಕ್ಕೆ 120 ಏಟು. ಜೊತೆಗೆ ನಾಲ್ಕು ಏಟಿನ ಆವರ್ತ. ಹೊಸಬರು ಅದನ್ನು ಮುಟ್ಟದೆ ಅದರ ಮೇಲೇ ಹಾಡಲು ಹೋಗುತ್ತಾರೆ. ಹಾಡು ಓಡಿದಂತೆ ಆಗುತ್ತದೆ, ಯಾಕೆಂದು ಗೊತ್ತಾಗುವುದಿಲ್ಲ.

ಮೊದಲು ಕಂಪ್ಯೂಟರ್ ಮುಚ್ಚಿ. ತಂಬೂರಿ ಆ್ಯಪ್ ಹಾಕಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ ಹಾಡಿ. ನಾಲ್ಕೈದು ಸಲ ಹಾಡಿದ ಮೇಲೆ ವೇಗ ತಾನಾಗಿ ಒಂದು ಕಡೆ ನಿಲ್ಲುತ್ತದೆ. ಆ ವೇಗವನ್ನು ಡಾದ ಟ್ಯಾಪ್ ಟೆಂಪೊ ಗುಂಡಿಯ ಮೇಲೆ ತಟ್ಟಿ. ಅದು ಲೆಕ್ಕ ಹಾಕಿ ಸಂಖ್ಯೆ ತೋರಿಸುತ್ತದೆ.

ತಾಳವನ್ನೂ ಸರಿಯಾಗಿ ಹೇಳಿ. ಆದಿತಾಳ, ಕೆಹರ್ವಾ ಆದರೆ ನಾಲ್ಕರ ಲೆಕ್ಕ ನಡೆಯುತ್ತದೆ. ದಾದ್ರಾ ಆರು. ಖಂಡಛಾಪು ಐದು, ಮಿಶ್ರಛಾಪು ಏಳು. ಏಳರ ಹಾಡನ್ನು ನಾಲ್ಕರ ಆವರ್ತದಲ್ಲಿ ರೆಕಾರ್ಡ್ ಮಾಡಿದರೆ, ಆಮೇಲೆ ಒಂದು ಸಾಲು ಎತ್ತಿ ಇನ್ನೊಂದು ಕಡೆ ಇಡುವಾಗ ಎಲ್ಲಿ ಕತ್ತರಿಸಬೇಕೆಂದೇ ತಿಳಿಯದೆ ಒದ್ದಾಡುತ್ತೀರಿ.

ಇನ್ನು ಶ್ರುತಿ. ಚರಣದಲ್ಲಿ ತಾರಸ್ಥಾಯಿಗೆ ಹೋಗುವ ಸಾಲು ಯಾವುದೋ ಅದನ್ನು ಹಾಡಿ ನೋಡಿ. ಬೆಳಗ್ಗೆ ಎದ್ದ ಕೂಡಲೇ ಅಲ್ಲ, ಸಾಧನೆ ಮಾಡಿದ ಮೇಲೆ. ಆ ಸಾಲು ಕಿರುಚದೆ ಬಂದರೆ, ಪಲ್ಲವಿಯ ಕೆಳಗಿನ ಸ್ವರವೂ ಕೇಳಿಸುವಷ್ಟು ಗಟ್ಟಿ ಬಂದರೆ, ಅದೇ ನಿಮ್ಮ ಶ್ರುತಿ. ಮೂಲ ಹಾಡುಗಾರರ ಶ್ರುತಿಯೇ ಬೇಕೆಂಬ ಹಟ ಬೇಡ.

ತಬಲಾ ಬಗ್ಗೆ ಒಂದು ಎಚ್ಚರಿಕೆ. ತಬಲಾಕ್ಕೂ ಶ್ರುತಿ ಇದೆ. ಇದು ಗೊತ್ತಿದ್ದವರೂ ತಬಲಾ ಲೂಪ್ ಹಾಕುವಾಗ ಮರೆಯುತ್ತಾರೆ. ಲೂಪ್ ಅಂದರೆ ಯಾರೋ ನುಡಿಸಿ ಕೊಟ್ಟ ಒಂದೆರಡು ಆವರ್ತದ ತುಣುಕು, ತಿರುತಿರುಗಿ ಬರುವಂಥದ್ದು. ಲೂಪ್ ಒಂದೂವರೆ ಶ್ರುತಿಯದ್ದು, ನಿಮ್ಮ ಹಾಡು ಎರಡರದ್ದು ಆದರೆ ಇಡೀ ಹಾಡು ಒಳಗೊಳಗೇ ಕಿರಿಕಿರಿ ಮಾಡುತ್ತದೆ. ಕೇಳುವವರಿಗೆ ಏನು ತಪ್ಪೆಂದು ಹೇಳಲು ಬರುವುದಿಲ್ಲ, ಹಾಡು ಬದಲಿಸಿಬಿಡುತ್ತಾರೆ. ಲೂಪಿನ ಶ್ರುತಿಯನ್ನು ಡಾದಲ್ಲೇ ಏರಿಸಿ ಇಳಿಸಬಹುದು. ಅರ್ಧ, ಒಂದು ಸ್ವರದಷ್ಟಾದರೆ ಸರಿ. ಅದಕ್ಕಿಂತ ಎಳೆದರೆ ತಬಲಾ ಪ್ಲಾಸ್ಟಿಕ್ ಡಬ್ಬದ ತರ ಆಗುತ್ತದೆ.

3. ಕೋಣೆ: ದುಡ್ಡು ಹಾಕುವ ಮೊದಲು ಕೌದಿ ಹಾಕಿ

ನಮ್ಮ ಮನೆಗಳು ಹಾಡು ರೆಕಾರ್ಡ್ ಮಾಡಲು ಕಟ್ಟಿದವಲ್ಲ. ಕೆಳಗೆ ನುಣುಪು ಟೈಲ್ಸ್, ಮೇಲೆ ಆರ್‌ಸಿಸಿ, ನಾಲ್ಕೂ ಕಡೆ ಬೋಳು ಗೋಡೆ. ಕೋಣೆಯ ಮಧ್ಯ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಕೊನೆಯಲ್ಲಿ 'ಟ್ರಿಂಯ್' ಎಂದು ಒಂದು ಬಾಲ ಕೇಳಿಸಿದರೆ, ಅದೇ ಬಾಲ ನಿಮ್ಮ ಪ್ರತಿ ಅಕ್ಷರಕ್ಕೂ ಅಂಟುತ್ತದೆ. ಒಮ್ಮೆ ಅಂಟಿದ್ದನ್ನು ಪೂರ್ತಿ ಕಿತ್ತು ತೆಗೆಯುವುದು ದೊಡ್ಡ ಸ್ಟುಡಿಯೊದವರಿಗೂ ಕಷ್ಟ.

ಹೊಸಬರು ಇಲ್ಲಿ ಎರಡು ತಪ್ಪು ಮಾಡುತ್ತಾರೆ. ಒಂದು, ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದು. ತೆಳು ಕಾಗದದ ಟ್ರೇ ಎತ್ತರದ ಚಿಲಿಪಿಲಿ ಸದ್ದನ್ನು ಒಂಚೂರು ಮುರಿಯಬಹುದೇ ಹೊರತು, ಗುಂಯ್ ಎನ್ನುವ ಕೆಳಗಿನ, ಅಂದರೆ ಮಂದ್ರದ, ಸದ್ದನ್ನು ತಡೆಯುವುದಿಲ್ಲ. ಹೊರಗಿನ ಆಟೊ ಸದ್ದನ್ನಂತೂ ಇಲ್ಲವೇ ಇಲ್ಲ. ಎರಡು, ಒಂದಿಂಚಿನ ಬಣ್ಣಬಣ್ಣದ ಫೋಮ್ ತರಿಸಿ ಅಲ್ಲಲ್ಲಿ ಅಂಟಿಸುವುದು. ಫೋಟೊಗೆ ಚೆನ್ನಾಗಿರುತ್ತದೆ.

ಸದ್ದನ್ನು ಹೀರುವುದಕ್ಕೆ ದಪ್ಪ ಬೇಕು. ಮನೆಯಲ್ಲಿ ಕೌದಿ ಇದೆಯೇ? ಹಳೆ ಸೀರೆ, ಪಂಚೆ ಪದರ ಪದರವಾಗಿ ಹೊಲಿದ ಆ ಕೌದಿಯಷ್ಟು ಒಳ್ಳೆಯ ಸಾಮಾನು ಈ ದರಕ್ಕೆ ಸಿಗುವುದಿಲ್ಲ. ಇಲ್ಲದಿದ್ದರೆ ರಜಾಯಿ, ದಪ್ಪ ಕಂಬಳಿ. ಹಾಡುವವರ ಬೆನ್ನ ಹಿಂದೆ ಮತ್ತು ಎರಡು ಪಕ್ಕಕ್ಕೆ ಹಗ್ಗ ಕಟ್ಟಿ ಇಳಿಬಿಡಿ, ಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕೆ. ಬೆನ್ನ ಹಿಂದೆ ಯಾಕೆಂದರೆ, ಮೈಕು ನೋಡುತ್ತಿರುವುದು ನಿಮ್ಮ ಮುಖವನ್ನು ಮತ್ತು ಅದರ ಹಿಂದಿನ ಗೋಡೆಯನ್ನು. ನೆಲಕ್ಕೆ ಜಮಖಾನ ಹಾಸಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ. ಕೋಣೆಯ ನಟ್ಟನಡುವೆಯೂ ಬೇಡ, ಮೂಲೆಯಲ್ಲೂ ಬೇಡ.

ಫ್ಯಾನ್ ಆರಿಸಿ. ಫ್ರಿಜ್ ಆರಿಸಿ, ಆದರೆ ಮತ್ತೆ ಹಾಕಲು ಮರೆಯಬೇಡಿ. (ನಾನು ಮರೆತಿದ್ದೆ. ಹಾಲು, ಮೊಸರು, ಮನೆಯವರ ಸಮಾಧಾನ, ಮೂರೂ ಕೆಟ್ಟವು. ಅಂದಿನಿಂದ ಚಪ್ಪಲಿಯನ್ನು ಫ್ರಿಜ್ ಮುಂದೆ ಬಿಡುತ್ತೇನೆ.) ಪಕ್ಕದ ಮನೆಯ ಕುಕ್ಕರ್ ಕೂಗುವ ಹೊತ್ತು ಯಾವುದು, ತರಕಾರಿ ಗಾಡಿ ಬರುವ ಹೊತ್ತು ಯಾವುದು ಎಂದು ಎರಡು ದಿನ ಗಮನಿಸಿ. ಬಹಳ ಮನೆಗಳಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ಒಳ್ಳೆಯ ಹೊತ್ತು.

ಸಣ್ಣಗೆ 'ಮ್‌ಮ್‌' ಎನ್ನುವ ಸದ್ದು ಬರುತ್ತಿದ್ದರೆ ಅದು ಕರೆಂಟಿನದ್ದು. ನಮ್ಮ ಕರೆಂಟು 50 ಹರ್ಟ್ಸ್, ಆ ಗುಂಗು ಅಲ್ಲೇ ಮತ್ತು ಅದರ ದುಪ್ಪಟ್ಟಿನಲ್ಲಿ ಕೂರುತ್ತದೆ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ಹೋದರೆ ತಪ್ಪು ಚಾರ್ಜರ್ ಅಥವಾ ಅರ್ಥಿಂಗ್‌ನದು. ಗುಂಗು ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ, ಅದು ಜೀವಕ್ಕೆ ಅಪಾಯ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ.

4. ಮೈಕು ಮತ್ತು ಲೆವೆಲ್

ಮೈಕಿನಲ್ಲಿ ಎರಡು ಮುಖ್ಯ ಜಾತಿ. ಕಂಡೆನ್ಸರ್ ಬಹಳ ಸೂಕ್ಷ್ಮ, ದೂರದ ಸದ್ದನ್ನೂ ಹಿಡಿಯುತ್ತದೆ. ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಕೊಡಬೇಕು, ಆ ಗುಂಡಿಗೆ ಫ್ಯಾಂಟಮ್ ಪವರ್ ಅನ್ನುತ್ತಾರೆ. ಡೈನಮಿಕ್ ಮೈಕು ವೇದಿಕೆಯ ಮೇಲೆ ಕೈಯಲ್ಲಿ ಹಿಡಿಯುವ ಜಾತಿ. ಹತ್ತಿರದ್ದನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಎಲ್ಲರೂ ಕಂಡೆನ್ಸರ್ ಕೊಳ್ಳುತ್ತಾರೆ, ಸ್ಟುಡಿಯೊ ಫೋಟೊಗಳಲ್ಲಿ ಅದೇ ಇರುತ್ತದಲ್ಲ. ಆದರೆ ರಸ್ತೆ ಪಕ್ಕದ ಮನೆ, ಬೋಳು ಗೋಡೆಯ ಕೋಣೆ ನಿಮ್ಮದಾದರೆ ಡೈನಮಿಕ್ಕೇ ವಾಸಿ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಬಾಯಿಗೂ ಮೈಕಿಗೂ ಕಂಡೆನ್ಸರ್ ಆದರೆ ಒಂದು ಗೇಣು ದೂರ. ಡೈನಮಿಕ್ ಆದರೆ ನಾಲ್ಕು ಬೆರಳು. ತೀರಾ ಹತ್ತಿರ ಹೋದರೆ ಕೆಳಗಿನ ಗುಂಯ್‌ ಸದ್ದು ಉಬ್ಬುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಮೂಗಿನ ಎತ್ತರಕ್ಕಿಟ್ಟು, ಸ್ವಲ್ಪ ಓರೆಯಾಗಿ ಬಾಯಿಯ ಕಡೆ ತಿರುಗಿಸಿ. ಪ, ಫ, ಬ, ಭ ಹೇಳುವಾಗ ಹೊರಬರುವ ಗಾಳಿ ಆಗ ಮೈಕಿಗೆ ಬಡಿಯದೆ ಕೆಳಗೆ ಹೋಗುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು 'ಭಕ್ತಿ' ಎನ್ನಿ, ನಿಮಗೇ ಗೊತ್ತಾಗುತ್ತದೆ.

ಈಗ ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ಎತ್ತಿ ಒಳಗೆ ಬಿಡುತ್ತೀರಿ ಎನ್ನುವ ತಿರುಗಣಿ. "ಹಲೋ, ಹಲೋ, ಒನ್ ಟು ತ್ರೀ" ಎಂದು ಲೆವೆಲ್ ಇಡುವವರೇ ಜಾಸ್ತಿ. ಆಮೇಲೆ ಚರಣ ಬಂದಾಗ ಮೀಟರ್ ಕೆಂಪಾಗುತ್ತದೆ. ಸದ್ದನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ ಅಂದರೆ ಮೇಲ್ಛಾವಣಿ. ತಲೆ ತಾಗಿದರೆ ದನಿಯ ತುದಿ ಕತ್ತರಿಸಿಹೋಗುತ್ತದೆ, ಇದಕ್ಕೆ ಕ್ಲಿಪಿಂಗ್ ಎನ್ನುತ್ತಾರೆ. ಹಾಗಾಗಿ ಹಾಡಿನ ಅತಿ ಜೋರಿನ ಸಾಲನ್ನೇ ಹಾಡಿ ಗೇನ್ ಇಡಿ. ಮೀಟರಿನ ತುದಿ ಮೈನಸ್ 12ರ ಆಸುಪಾಸು ಬಂದರೆ ಸಾಕು.

"ಅಷ್ಟು ಸಣ್ಣದಾದರೆ ದನಿ ತೆಳುವಾಗಲ್ವಾ?" ಆಗುವುದಿಲ್ಲ. ಟೇಪಿನ ಕಾಲದಲ್ಲಿ ಟೇಪಿನದೇ ಒಂದು 'ಶ್ಶ್' ಇರುತ್ತಿತ್ತು, ಅದನ್ನು ಮುಳುಗಿಸಲು ಜೋರಾಗಿ ರೆಕಾರ್ಡ್ ಮಾಡುತ್ತಿದ್ದರು. ಈಗ ಡಾದ ಸೆಟ್ಟಿಂಗ್‌ನಲ್ಲಿ 24 ಬಿಟ್ ಆರಿಸಿಕೊಳ್ಳಿ. 16 ಬಿಟ್‌ನಲ್ಲಿ ಅತಿ ಸಣ್ಣ ಸದ್ದಿಗೂ ಅತಿ ಜೋರು ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಜಾಗವಿದ್ದರೆ, 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಬೇಕಾದಷ್ಟು ಜಾಗ ಇದೆ, ತಲೆ ತಾಗಿಸುವ ಅಗತ್ಯವೇ ಇಲ್ಲ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯಬೇಕು ಎನ್ನುವುದು, ಬರೀ ಹಾಡಾದರೆ 44,100. ವಿಡಿಯೊಗೂ ಹಾಕುವುದಾದರೆ 48,000. ನಡುವೆ ಬದಲಿಸಬೇಡಿ.

ಡಾದಲ್ಲಿ ಒಂದೊಂದು ದನಿಗೂ ವಾದ್ಯಕ್ಕೂ ಇರುವ ಬೇರೆ ಬೇರೆ ಪಟ್ಟಿಗೆ ಟ್ರ್ಯಾಕ್ ಎನ್ನುತ್ತಾರೆ. ಒಂದೇ ಮೈಕಿನ ದನಿಯನ್ನು ಮೋನೊ, ಅಂದರೆ ಒಂದೇ ಚಾನೆಲ್‌ನ, ಟ್ರ್ಯಾಕಿನಲ್ಲೇ ತೆಗೆದುಕೊಳ್ಳಿ. ಸ್ಟೀರಿಯೊ, ಅಂದರೆ ಎಡ ಬಲ ಎರಡು ಚಾನೆಲ್‌ನ, ಟ್ರ್ಯಾಕ್ ಹಾಕಿ, "ದನಿ ಎಡಗಿವಿಯಲ್ಲಿ ಮಾತ್ರ ಬರುತ್ತಿದೆ, ಹೆಡ್‌ಫೋನ್ ಕೆಟ್ಟಿದೆ" ಎಂದು ಅಂಗಡಿಗೆ ಹೋದವರಿದ್ದಾರೆ.

5. ದನಿ ತಡವಾಗಿ ಕೇಳಿಸುತ್ತಿದೆಯೇ?

ನೀವು ಹಾಡಿದ್ದು ಕಂಪ್ಯೂಟರ್ ಒಳಗೆ ಹೋಗಿ ಹೆಡ್‌ಫೋನಿಗೆ ವಾಪಸ್ ಬರುವ ಹೊತ್ತಿಗೆ ಆಗುವ ತಡಕ್ಕೆ ಲೇಟೆನ್ಸಿ ಎನ್ನುತ್ತಾರೆ. ಡಾದಲ್ಲಿ ಬಫರ್ ಎಂಬ ಸೆಟ್ಟಿಂಗ್ ಇದೆ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ದನಿಯ ಎಷ್ಟು ಅಳತೆಗಳನ್ನು (ಸ್ಯಾಂಪಲ್) ಒಟ್ಟು ಮಾಡಿ ತೆಗೆದುಕೊಳ್ಳುತ್ತದೆ ಎನ್ನುವ ಲೆಕ್ಕ. 44,100ರಲ್ಲಿ 256 ಬಫರ್ ಅಂದರೆ ಸುಮಾರು 6 ಮಿಲಿಸೆಕೆಂಡ್. 1024 ಅಂದರೆ 23. ಹೋಗುವಾಗ ಒಮ್ಮೆ ಬರುವಾಗ ಒಮ್ಮೆ ಸೇರಿ ಇನ್ನೂ ಜಾಸ್ತಿ. ಹಾಡುವಾಗ 64 ಅಥವಾ 128 ಇಡಿ, ಮಿಕ್ಸ್ ಮಾಡುವಾಗ 1024 ಇಡಿ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಕಂಪನಿಯದೇ ಆ್ಯಸಿಯೊ ಡ್ರೈವರ್ ಹಾಕಿಕೊಳ್ಳಿ, ತಡ ಕಡಿಮೆ ಮಾಡುವ ಸಣ್ಣ ಸಾಫ್ಟ್‌ವೇರ್ ಅದು. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಹಾಡಲೇಬೇಡಿ, ಅದರ ತಡ ನೂರು ಮಿಲಿಸೆಕೆಂಡ್ ದಾಟುವುದು ಮಾಮೂಲು.

6. ಹಾಡಿಸುವುದು

ಮೂರರಿಂದ ಐದು ಸಲ ಪೂರ್ತಿ ಹಾಡಿ, ಎಲ್ಲವನ್ನೂ ಇಟ್ಟುಕೊಳ್ಳಿ, ಆಮೇಲೆ ಒಳ್ಳೆಯ ಸಾಲುಗಳನ್ನು ಆರಿಸಿ ಜೋಡಿಸಿ. ಇಪ್ಪತ್ತು ಸಲ ಹಾಡಿದರೆ ಗಂಟಲೂ ಹೋಗುತ್ತದೆ, ಭಾವವೂ ಹೋಗುತ್ತದೆ. ಪದಪದವಾಗಿ ಕತ್ತರಿಸಿ ಜೋಡಿಸಬೇಡಿ, ಉಸಿರಿನ ಜಾಗದಲ್ಲಿ ಕತ್ತರಿಸಿ.

7. ಪಿಚ್ ಕರೆಕ್ಷನ್: ಗಮಕ ಕೊಲ್ಲಬೇಡಿ

ಪಿಚ್ ಕರೆಕ್ಷನ್ ಅಂದರೆ ಹಾಡಿದ ಸ್ವರವನ್ನು ಸಾಫ್ಟ್‌ವೇರಿನಿಂದ ತಿದ್ದುವುದು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡೋಣ, ನಮ್ಮ ಸಂಗೀತಕ್ಕೆ ಇದು ಬೇರೆಯದೇ ತೊಂದರೆ.

1997ರಲ್ಲಿ ಆ್ಯಂಟರೆಸ್ ಕಂಪನಿ ಆಟೊಟ್ಯೂನ್ ತಂದಿತು. ಆಮೇಲೆ ಇಂಥವು ಬೇಕಾದಷ್ಟು ಬಂದಿವೆ. ಇವು ಮಾಡುವ ಕೆಲಸ ಸರಳ: ನೀವು ಹಾಡಿದ ಸ್ವರ ಕೀಬೋರ್ಡಿನ ಯಾವ ಮನೆಗೆ ಹತ್ತಿರವೋ ಅಲ್ಲಿಗೆ ಎಳೆದು ಕೂರಿಸುವುದು. ಕೀಬೋರ್ಡಿನಲ್ಲಿ ಹನ್ನೆರಡು ಮನೆಗಳೂ ಸಮ ದೂರದಲ್ಲಿವೆ. ತಂಬೂರಿ ಹಾಗಲ್ಲ. ತಂಬೂರಿ ಮೀಟಿದಾಗ ತಾನಾಗಿ ಹೊಮ್ಮುವ ಅಂತರ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ. ಸೆಂಟ್ ಅಂದರೆ ಅಕ್ಕಪಕ್ಕದ ಎರಡು ಮನೆಗಳ ನಡುವಿನ ದೂರದ ನೂರರಲ್ಲಿ ಒಂದು ಭಾಗ. ತಂಬೂರಿಗೆ ಸೇರಿಸಿ ಹಾಡಿದ ಗಾಂಧಾರವನ್ನು ಪ್ಲಗಿನ್ 'ತಪ್ಪು' ಎಂದು ಎತ್ತಿ ಕೀಬೋರ್ಡಿಗೆ ಅಂಟಿಸುತ್ತದೆ. ಈಗ ಅದು ತಂಬೂರಿಯ ಜೊತೆ ಜಗಳ ಆಡುತ್ತದೆ. ಇದು ಹಳೇ ತಕರಾರೇ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ದೂರ ಇಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಸ್ವರಸ್ಥಾನದ ಮಾತೂ ಇತ್ತು, ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವುದು, ಅದರಲ್ಲಿ ಬರುವುದಿಲ್ಲ ಎಂಬ ಮಾತೂ ಇತ್ತು.

ಗಮಕದ ಕಥೆ ಇನ್ನೂ ಕೆಟ್ಟದ್ದು. ತೋಡಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ, ಅದು ತೂಗುತ್ತದೆ. ಪ್ಲಗಿನ್ ಆ ತೂಗಾಟವನ್ನು ಮೆಟ್ಟಿಲು ಮಾಡುತ್ತದೆ. ಕೇಳಿದರೆ ರೋಬೊ ಬಿಕ್ಕಳಿಸಿದ ಹಾಗಿರುತ್ತದೆ.

ಹಾಗಾದರೆ ಬಳಸಲೇಬಾರದಾ? ಬಳಸಬಹುದು, ಹೀಗೆ:

- ಆಟೊಮ್ಯಾಟಿಕ್ ಆಗಿ ಇಡೀ ಹಾಡಿಗೆ ಹಾಕಬೇಡಿ. ಸ್ವರಗಳನ್ನು ಚಿತ್ರದಂತೆ ತೋರಿಸುವ ಮೋಡ್ ಇರುತ್ತದೆ, ಅದರಲ್ಲಿ ಕೈಯಾರೆ ಮಾಡಿ.
- ಉದ್ದಕ್ಕೆ ನಿಂತ ಸ್ವರ ಜಾರಿದ್ದರೆ ಅದೊಂದನ್ನು ಮಾತ್ರ, ಕಿವಿಯಿಂದ ಕೇಳುತ್ತಾ ಸರಿಸಿ. ಗೆರೆ ನೋಡಿ ಅಲ್ಲ.
- ತಂಬೂರಿ ಹಾಕಿಕೊಂಡೇ ಕೇಳಿ.
- ಒಂದು ಸಾಲಿನಲ್ಲಿ ಮೂರು ಕಡೆ ಸರಿಸಬೇಕಾಯಿತೇ? ಬಿಡಿ, ಆ ಸಾಲನ್ನು ಮತ್ತೆ ಹಾಡಿ. ಬೇಗ ಮುಗಿಯುತ್ತದೆ.

ಕೀಬೋರ್ಡೇ ಹಾಡಿನ ಬೆನ್ನೆಲುಬಾಗಿದ್ದು ತಂಬೂರಿ ಇಲ್ಲದಿದ್ದರೆ ಮಾತು ಬೇರೆ. ಆಗ ದನಿ ಕೀಬೋರ್ಡಿಗೆ ಸೇರಿದರೆ ಸಾಕು.

8. ವಾದ್ಯ ಕಡಿಮೆ ಮಾಡಿ

ಡಾದಲ್ಲಿ ಟ್ರ್ಯಾಕ್ ಸೇರಿಸುವುದು ಒಂದು ಕ್ಲಿಕ್. ಹಾಗಾಗಿ ಪಿಟೀಲು ಗುಂಪು, ಪ್ಯಾಡ್ (ಹಿಂದೆ ಉದ್ದಕ್ಕೆ ಎಳೆದು ನಿಲ್ಲುವ ಕೀಬೋರ್ಡ್ ದನಿ), ಗಿಟಾರ್, ಸಿತಾರ್, ಗೆಜ್ಜೆ ಎಲ್ಲ ಬಂದು ಕೂರುತ್ತವೆ. ಪದ ಕೇಳಿಸುವುದಿಲ್ಲ ಎಂದು ದನಿ ಏರಿಸುತ್ತೀರಿ, ಆಗ ತಬಲಾ ಸಣ್ಣದಾಯಿತು ಎಂದು ಅದನ್ನೂ ಏರಿಸುತ್ತೀರಿ, ಕೊನೆಗೆ ಮೀಟರ್ ಕೆಂಪು.

ಒಂದೇ ಎತ್ತರದ ಎರಡು ಸದ್ದು ಒಟ್ಟಿಗೆ ಬಂದರೆ ಒಂದು ಇನ್ನೊಂದನ್ನು ಮುಚ್ಚುತ್ತದೆ. ಕೊಳಲು ಮತ್ತು ಹೆಣ್ಣು ದನಿ ಒಂದೇ ಜಾಗದವು. ದನಿ ಇರುವಾಗ ಕೊಳಲು ಸುಮ್ನಿರಲಿ, ಸಾಲು ಮುಗಿದ ಮೇಲೆ ಬರಲಿ. ತಬಲಾದ ಡಗ್ಗಾ, ಬೇಸ್ ಗಿಟಾರ್, ಕಿಕ್ ಡ್ರಮ್ ಮೂರೂ ಕೆಳಗಿನವು. ಭಾವಗೀತೆಗೆ ಒಂದು ಸಾಕು, ಹೆಚ್ಚೆಂದರೆ ಎರಡು. ನನ್ನ ಪರೀಕ್ಷೆ ಹೀಗೆ: ಒಂದೊಂದೇ ಟ್ರ್ಯಾಕನ್ನು ಬಂದ್ ಮಾಡಿ ಕೇಳುತ್ತೇನೆ. ಇಲ್ಲದ್ದು ಗೊತ್ತಾಗದಿದ್ದರೆ ಅಳಿಸಿಬಿಡುತ್ತೇನೆ.

ಕೊಂಡ ಅಥವಾ ಉಚಿತವಾಗಿ ಸಿಕ್ಕ ಲೂಪ್‌ಗಳ ಪರವಾನಗಿ ಓದಿ. ನೂರಾರು ಜನ ಅದೇ ಲೂಪ್ ಹಾಕಿರುತ್ತಾರೆ. ಅವರಲ್ಲಿ ಒಬ್ಬರು ತಮ್ಮ ಹಾಡನ್ನು ಯೂಟ್ಯೂಬಿನ ಕಂಟೆಂಟ್ ಐಡಿಗೆ, ಅಂದರೆ ಒಂದೇ ತರದ ದನಿಯನ್ನು ತಾನಾಗಿ ಪತ್ತೆ ಹಚ್ಚುವ ವ್ಯವಸ್ಥೆಗೆ, ಸೇರಿಸಿದ್ದರೆ, ನಿಮ್ಮ ಹಾಡಿನ ಮೇಲೆ ಅವರ ಹೆಸರಲ್ಲಿ ತಕರಾರು ಬರಬಹುದು. ಪರವಾನಗಿಯ ರಸೀದಿ ಜೋಪಾನ.

9. ಈಗ ಮಿಕ್ಸ್

ಮೇಲಿನದೆಲ್ಲ ಸರಿಯಾಗಿದ್ದರೆ ಇಲ್ಲಿ ಕೆಲಸ ಕಡಿಮೆ. ಮೊದಲು ಯಾವ ಪ್ಲಗಿನ್ನೂ ಇಲ್ಲದೆ, ಬರೀ ಫೇಡರ್ ಏರಿಸಿ ಇಳಿಸಿ ಹಾಡು ಕೇಳುವಂತೆ ಮಾಡಿ. ಫೇಡರ್ ಅಂದರೆ ಟ್ರ್ಯಾಕಿನ ದನಿ ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ. ದನಿ ನಡುವೆ, ಉಳಿದವು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ. ನಂತರ ಇವು:

ಇಕ್ಯು, ಅಂದರೆ ದನಿಯ ಕೆಳಗಿನ, ನಡುವಿನ, ಮೇಲಿನ ಭಾಗಗಳನ್ನು ಬೇರೆ ಬೇರೆಯಾಗಿ ಹೆಚ್ಚು ಕಡಿಮೆ ಮಾಡುವುದು. ಹಾಡುವ ದನಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗೆ ನಿಮಗೆ ಬೇಕಾದ್ದು ಏನೂ ಇರುವುದಿಲ್ಲ, ಬರೀ ಕೋಣೆಯ ಗುಂಗು. ಅದನ್ನು ಕತ್ತರಿಸಿ. ತಬಲಾಕ್ಕೆ ಇದನ್ನು ಮಾಡಬೇಡಿ, ಡಗ್ಗಾ ಸತ್ತುಹೋಗುತ್ತದೆ. ಇಕ್ಯು ಮಾಡುವಾಗ ಟ್ರ್ಯಾಕನ್ನು ಒಂಟಿಯಾಗಿ ಕೇಳಬೇಡಿ. ಒಂಟಿಯಾಗಿ ಚೆನ್ನಾಗಿ ಕೇಳಿಸಿದ್ದು ಗುಂಪಿನಲ್ಲಿ ಕೆಡುತ್ತದೆ.

ಕಂಪ್ರೆಸರ್, ಅಂದರೆ ಜೋರಾದದ್ದನ್ನು ಅದುಮಿ ಏರಿಳಿತ ಕಡಿಮೆ ಮಾಡುವುದು. ಮೂರಕ್ಕೆ ಒಂದರ ಅನುಪಾತ ಇಟ್ಟು, ಜೋರು ಸಾಲಿನಲ್ಲಿ ಮುಳ್ಳು ಮೂರರಿಂದ ಆರು ಡೆಸಿಬೆಲ್ ಇಳಿದರೆ ಸಾಕು.

ಡಿ-ಎಸ್ಸರ್ ಸ, ಶ, ಷ ಚುಚ್ಚುವುದನ್ನು ತಗ್ಗಿಸುತ್ತದೆ. ಜಾಸ್ತಿ ಹಾಕಿದರೆ 'ಸರಸ್ವತಿ' ಹೋಗಿ 'ಥರಥ್ವತಿ' ಆಗುತ್ತದೆ. ಗದ್ದಲ ತೆಗೆಯುವ ಪ್ಲಗಿನ್‌ಗಳಿಗೂ ಇಂಥದೇ ಒಂದು ಚಟ ಇದೆ. ಅವುಗಳ ಕಿವಿಗೆ ನಮ್ಮ 'ಹ' ಬರೀ ಗಾಳಿ ಸದ್ದು. 'ಹೂವು' 'ಊವು' ಆಗಿ ಹೊರಬರುತ್ತದೆ. ಸಾಹಿತ್ಯದ ಹಾಳೆ ಮುಂದಿಟ್ಟುಕೊಂಡು ಅಕ್ಷರ ಅಕ್ಷರ ಕೇಳಿ.

ರಿವರ್ಬ್, ಅಂದರೆ ಜಾಗದ ಅನುರಣನೆ. ಹೊಸಬರ ಹಾಡು ಗುರುತು ಹಿಡಿಯುವುದೇ ಇದರಿಂದ, ಎಲ್ಲ ಹಾಡೂ ದೇವಸ್ಥಾನದ ಗರ್ಭಗುಡಿಯಿಂದ ಬಂದಂತಿರುತ್ತವೆ. ನಿಮಗೆ ಸರಿ ಅನ್ನಿಸುವಷ್ಟು ಹಾಕಿ, ಆಮೇಲೆ ಅದರ ಅರ್ಧಕ್ಕೆ ಇಳಿಸಿ.

ಸಣ್ಣ ದನಿಯಲ್ಲಿ ಕೇಳುತ್ತಾ ಕೆಲಸ ಮಾಡಿ. ಜೋರಾಗಿ ಇಟ್ಟರೆ ಕಿವಿಗೆ ಕೆಳಗಿನ ಮತ್ತು ಮೇಲಿನ ಸದ್ದು ಹೆಚ್ಚಾಗಿ ಕೇಳಿಸುತ್ತದೆ, ಎಲ್ಲವೂ ಚೆಂದ ಅನ್ನಿಸುತ್ತದೆ. ಗಂಟೆಗೊಮ್ಮೆ ಎದ್ದು ಹೋಗಿ ಕಾಫಿ ಕುಡಿಯಿರಿ. ರಾತ್ರಿ ಹನ್ನೊಂದರ ಮೇಲೆ ತೆಗೆದುಕೊಂಡ ಯಾವ ತೀರ್ಮಾನವನ್ನೂ ಬೆಳಗ್ಗೆ ಕೇಳದೆ ನಂಬಬೇಡಿ.

ಕೊನೆಗೆ ಫೋನಿನ ಸ್ಪೀಕರಿನಲ್ಲಿ ಕೇಳಿ, ಜನ ಕೇಳುವುದು ಅದರಲ್ಲೇ. ಬೇಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಸ್. ಫೋನಿನಲ್ಲಿ ಅದು ಬರುವುದೇ ಇಲ್ಲ. ಬೇಸ್ ಪೂರ್ತಿ ಮಾಯವಾದರೆ ಅದಕ್ಕೆ ಸ್ವಲ್ಪ ಸ್ಯಾಚುರೇಷನ್ ಹಾಕಿ, ಅಂದರೆ ದನಿಯನ್ನು ಹದವಾಗಿ ಒರಟು ಮಾಡುವುದು. ಅದರ ಮೇಲಿನ ಸ್ವರಗಳು ಎದ್ದು ಬಂದು ಫೋನಿನಲ್ಲೂ ಕೇಳಿಸುತ್ತವೆ.

10. ಜೋರು ಮಾಡುವ ಹುಚ್ಚು

"ನನ್ನ ಹಾಡು ಬೇರೆಯವರದ್ದಕ್ಕಿಂತ ಸಣ್ಣಗಿದೆ" ಎಂದು ಲಿಮಿಟರ್‌ನಲ್ಲಿ ಹಿಂಡುವವರಿಗೆ ಒಂದು ಮಾತು. ಲಿಮಿಟರ್ ಅಂದರೆ ಒಂದು ಗೆರೆ ದಾಟದಂತೆ ತಡೆಯುವ ಕಾವಲುಗಾರ. ಹಾಡು ಒಟ್ಟಾರೆ ಎಷ್ಟು ಜೋರು ಎಂದು ಅಳೆಯುವ ಲೆಕ್ಕಕ್ಕೆ ಎಲ್‌ಯುಎಫ್‌ಎಸ್ ಎನ್ನುತ್ತಾರೆ. ಸ್ಪಾಟಿಫೈ ಮಾಮೂಲಾಗಿ ಎಲ್ಲ ಹಾಡನ್ನೂ ಮೈನಸ್ 14ಕ್ಕೆ ತಂದು ಕೇಳಿಸುತ್ತದೆ, ಆಪಲ್ ಮ್ಯೂಸಿಕ್ ಮೈನಸ್ 16ಕ್ಕೆ. ಯೂಟ್ಯೂಬ್ ಜೋರಾದದ್ದನ್ನು ಇಳಿಸುತ್ತದೆ. ನೀವು ಮೈನಸ್ 7ಕ್ಕೆ ಹಿಂಡಿ ಕೊಟ್ಟರೆ ಅವರು ಇಳಿಸುತ್ತಾರೆ. ಜೋರು ಹೋಗುತ್ತದೆ, ಹಿಂಡಿದ ಗಾಯ ಉಳಿಯುತ್ತದೆ. ತಬಲಾದ ಏಟು ಚಪ್ಪಟೆಯಾಗಿ 'ಧಿನ್' ಹೋಗಿ 'ದಬ್' ಆಗಿರುತ್ತದೆ. ಭಾವಗೀತೆ ಮೈನಸ್ 14ರ ಆಸುಪಾಸು ಇರಲಿ, ತುದಿ ಮೈನಸ್ 1 ಡೆಸಿಬೆಲ್ ದಾಟದಿರಲಿ.

11. ಫೈಲು ಜೋಪಾನ

ಕರೆಂಟು ಹೋಗುವ ಊರಿನಲ್ಲಿ ಇದ್ದೀರಿ, ಆಟೊಸೇವ್ ಐದು ನಿಮಿಷಕ್ಕೆ ಇಡಿ. 'ಫೈನಲ್', 'ಫೈನಲ್ ನಿಜ', 'ಫೈನಲ್ ನಿಜ 2' ಎಂದು ಹೆಸರಿಡಬೇಡಿ. ಹಾಡಿನ ಹೆಸರು, ತಾರೀಖು ಸಾಕು. ಹಾಡಿನ ಪೂರ್ತಿ ಫೋಲ್ಡರನ್ನು ಇನ್ನೊಂದು ಹಾರ್ಡ್ ಡಿಸ್ಕಿಗೂ, ಸಾಧ್ಯವಾದರೆ ಆನ್‌ಲೈನಿಗೂ ಕಾಪಿ ಮಾಡಿ.

ಕೊನೆಯ ಪ್ರತಿ 24 ಬಿಟ್ ವೇವ್ ಫೈಲಾಗಿರಲಿ. ಎಂಪಿ ತ್ರೀ ಬೇಕಾದರೆ ಅದರಿಂದಲೇ ಬೇರೆ ಮಾಡಿಕೊಳ್ಳಿ. ಎಂಪಿ ತ್ರೀಯನ್ನು ತಿರುಗಿ ವೇವ್ ಮಾಡಿದರೆ ಹೋದದ್ದು ವಾಪಸ್ ಬರುವುದಿಲ್ಲ. ಸ್ನೇಹಿತರಿಗೆ ವಾಟ್ಸ್ಆ್ಯಪ್‌ನಲ್ಲಿ ಕೇಳಿಸುವಾಗ ಸ್ಪೀಕರ್ ಮುಂದೆ ಫೋನ್ ಹಿಡಿದು ವಾಯ್ಸ್ ನೋಟ್ ಕಳಿಸಬೇಡಿ. ಫೈಲು ಸೇರಿಸುವ ಗುರುತು ಒತ್ತಿ, ಡಾಕ್ಯುಮೆಂಟ್ ಆರಿಸಿ, ಫೈಲನ್ನೇ ಕಳಿಸಿ. ನನಗೆ ಕಳಿಸುವುದಾದರೂ ಹಾಗೇ ಕಳಿಸಿ, ಜೊತೆಗೆ ಪ್ಲಗಿನ್ ಏನೂ ಹಾಕದ ದನಿಯ ಟ್ರ್ಯಾಕೂ ಒಂದು ಇರಲಿ. ನಾನು ಮೊದಲು ಕೇಳುವುದು ಅದನ್ನೇ.